ಯೋಹಾನ 15: ಬಳ್ಳಿ, ಕೊಂಬೆ, ಕತ್ತರಿ

ಚಿಕ್ಕಮಗಳೂರಿನ ನಮ್ಮ ಬೈಬಲ್ ಓದಿನ ಗುಂಪಿನಲ್ಲಿ ಈ ಭಾನುವಾರ ಓದಿದ್ದು ಯೋಹಾನನ ಸುವಾರ್ತೆಯ 15ನೇ ಅಧ್ಯಾಯದ 1ರಿಂದ 8ನೇ ವಚನ. ಬರಲಾಗದವರಿಗಾಗಿ ಈ ಟಿಪ್ಪಣಿ.

ಮೊದಲು ಸಂದರ್ಭ ನೋಡಿ. ಅದು ಯೇಸು ಶಿಷ್ಯರ ಜೊತೆ ಕಳೆದ ಕಡೇ ರಾತ್ರಿ. ಯೇಸುವನ್ನು ಹಿಡಿದುಕೊಡಲಿದ್ದ ಶಿಷ್ಯ ಯೂದ ಆಗಲೇ ಎದ್ದು ಕತ್ತಲಿಗೆ ಹೋಗಿದ್ದಾನೆ (13:30). ಉಳಿದವರಿಗೆ ಯೇಸು ಹೇಳುತ್ತಾರೆ: ನಾನೇ ನಿಜವಾದ ದ್ರಾಕ್ಷಿ ಬಳ್ಳಿ, ತಂದೆ ತೋಟಗಾರ, ನೀವು ಕೊಂಬೆಗಳು.

‘ನಿಜವಾದ’ ಅನ್ನೋದು ಯಾಕೆ? ಕೇಳುತ್ತಿದ್ದವರಿಗೆ ಈ ಬಳ್ಳಿ ಹಳೇ ಪರಿಚಯ. 80ನೇ ಕೀರ್ತನೆಯಲ್ಲಿ ಇಸ್ರಾಯೇಲ್ ಜನವೇ ಈಜಿಪ್ಟಿನಿಂದ ಕಿತ್ತು ತಂದು ನೆಟ್ಟ ಬಳ್ಳಿ. ಪ್ರವಾದಿ ಯೆಶಾಯನ ಪುಸ್ತಕದ 5ನೇ ಅಧ್ಯಾಯದಲ್ಲಿ ಅದೇ ಜನ ಒಂದು ದ್ರಾಕ್ಷಿ ತೋಟ; ಎಷ್ಟು ಆರೈಕೆ ಮಾಡಿದರೂ ತೋಟ ಕೆಟ್ಟ ಹಣ್ಣು ಬಿಡುತ್ತದೆ. ಆ ಜಾಗದಲ್ಲಿ ಈಗ ಯೇಸು ತಾನೇ ನಿಲ್ಲುತ್ತಿದ್ದಾರೆ.

ಎರಡನೇ ವಚನದಲ್ಲಿ ಜಾಸ್ತಿ ಹೊತ್ತು ನಿಂತೆವು. ಫಲ ಕೊಡದ ಕೊಂಬೆಯನ್ನು ತೋಟಗಾರ ತೆಗೆದುಹಾಕುತ್ತಾನೆ, ಸರಿ. ಫಲ ಕೊಡುವುದನ್ನೂ ಕತ್ತರಿಸುತ್ತಾನಲ್ಲ, ಅದ್ಯಾಕೆ? ಮೂಡಿಗೆರೆ ಕಡೆಯ ತೋಟದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಅಕ್ಕ ಒಬ್ಬರು ಕಾಫಿ ಗಿಡದ ಕಂಬಚಿಗುರು (ಕಾಂಡದಿಂದ ನೇರ ಮೇಲಕ್ಕೆ ಏಳುವ ಚಿಗುರು) ಒಂದನ್ನು ಮುರಿದು ತಂದಿದ್ದರು. ನೆಟ್ಟಗೆ, ಹೊಳೆಯುವ ಎಲೆ, ಮೆತ್ತನೆ ಕಾಂಡ. “ನೋಡೋಕೆ ಇದೇ ಚೆಂದ. ಆದ್ರೆ ಕಾಯಿ ಕಟ್ಟೋ ಕೊಂಬೆಗೆ ಹೋಗಬೇಕಾದ ಸಾರವನ್ನ ಇದೇ ಕುಡಿದುಬಿಡುತ್ತೆ” ಅಂದರು. ಕೊಯ್ಲು ಮುಗಿದ ಮೇಲೆ ಗಿಡ ಕಸಿ ಮಾಡುವುದನ್ನು, ಅಂದರೆ ಬೇಡದ ಕೊಂಬೆ ಸವರುವುದನ್ನು, ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ ಅಲ್ವಾ? ಕತ್ತರಿ ಬೀಳುವುದು ಜೀವ ಇರುವ ಗಿಡಕ್ಕೇ.

ಗ್ರೀಕ್ ಮೂಲದಲ್ಲಿ ಇಲ್ಲೊಂದು ಪದಗಳ ಜೋಡಣೆ ಇದೆ. ತೆಗೆದುಹಾಕುವುದು ‘ಐರೆಯಿ’, ಸವರುವುದು ‘ಕಥೈರೆಯಿ’. ಮೂರನೇ ವಚನದ ‘ಶುದ್ಧರು’ ಅನ್ನೋ ಪದ ‘ಕಥರೊಯ್’. ಸವರುವುದಕ್ಕೂ ಶುದ್ಧ ಮಾಡುವುದಕ್ಕೂ ಬೇರು ಒಂದೇ. ನನ್ನ ಮಾತಿನಿಂದ ನೀವು ಆಗಲೇ ಶುದ್ಧರಾಗಿದ್ದೀರಿ ಅಂತಾರೆ ಯೇಸು. ಅಂದರೆ ಕತ್ತರಿ ಅವರ ಮಾತೇ. ಅದೇ ರಾತ್ರಿ ಯೇಸು ಶಿಷ್ಯರ ಕಾಲು ತೊಳೆಯುವಾಗಲೂ ಇದೇ ಪದ ಬಂದಿತ್ತು: ನೀವು ಶುದ್ಧರು, ಆದರೆ ಎಲ್ಲರೂ ಅಲ್ಲ (13:10). ಹಾಗಾಗಿ ಕಡಿದುಹೋದ ಕೊಂಬೆ ಅಂದಾಗ ಶಿಷ್ಯರ ಕಣ್ಣು ಯೂದನ ಖಾಲಿ ಜಾಗದ ಕಡೆ ಹೋಗಿರಬೇಕು ಅಂತ ನನಗನ್ನಿಸುತ್ತದೆ.

‘ಐರೆಯಿ’ಗೆ ‘ಮೇಲೆತ್ತು’ ಅನ್ನೋ ಅರ್ಥವೂ ಇದೆ. ನೆಲಕ್ಕೆ ಬಿದ್ದ ಬಳ್ಳಿಯನ್ನು ಎತ್ತಿ ಕಟ್ಟುವುದು ಅಂತ ಕೆಲವರು ಓದುತ್ತಾರೆ. ಕೇಳೋಕೆ ಹಿತ. ಆದರೆ ಆರನೇ ವಚನದಲ್ಲಿ ಕೊಂಬೆ ಹೊರಗೆ ಬಿದ್ದು ಒಣಗುತ್ತದೆ, ಅದಕ್ಕೇ ನಾನು ‘ತೆಗೆದುಹಾಕು’ ಅನ್ನೋದನ್ನೇ ಒಪ್ಪುತ್ತೇನೆ.

ಅದೇ ಆರನೇ ವಚನದಲ್ಲಿ ಒಣಗಿದ ಕೊಂಬೆಗಳನ್ನು ಬೆಂಕಿಗೆ ಹಾಕುತ್ತಾರೆ. ಆ ಬೆಂಕಿಯ ವಿಷಯಕ್ಕೆ ಬಂದರೆ, ನಮ್ಮ ಕಾಫಿ ಗಿಡದ ಹೋಲಿಕೆ ಇಲ್ಲಿ ನಿಲ್ಲುತ್ತದೆ. ಕಾಫಿ ಕೊಂಬೆ ಒಲೆಗೆ ಒಳ್ಳೆ ಸೌದೆ. ದ್ರಾಕ್ಷಿ ಕೊಂಬೆಯಿಂದ ಪಾತ್ರೆ ತೂಗುಹಾಕುವ ಗೂಟ ಕೂಡ ಮಾಡೋಕಾಗಲ್ಲ ಅನ್ನುತ್ತಾನೆ ಪ್ರವಾದಿ ಯೆಹೆಜ್ಕೇಲ (ಅವನ ಪುಸ್ತಕದ 15:3). ಬಳ್ಳಿ ಬಿಟ್ಟರೆ ಅದಕ್ಕೆ ಬೇರೆ ಉಪಯೋಗವೇ ಇಲ್ಲ. ಆರನೇ ವಚನವನ್ನು ಸುಮ್ನೆ ನರಕದ ಚಿತ್ರ ಅಂದುಬಿಡುವ ಮೊದಲು ಇದನ್ನು ನೆನಪಿಡಿ.

ಕೊನೆಗೊಂದು ಎಣಿಕೆ. 4ರಿಂದ 10ನೇ ವಚನದೊಳಗೆ ‘ನೆಲೆಗೊಂಡಿರು’ ಅನ್ನೋ ಗ್ರೀಕ್ ಕ್ರಿಯಾಪದ 10 ಸಲ ಬರುತ್ತದೆ. ‘ಫಲ ಕೊಡಿ’ ಅನ್ನೋ ಆಜ್ಞೆ ಒಂದು ಸಲವೂ ಇಲ್ಲ. ನಿಮ್ಮ ಬೈಬಲ್‌ನಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿ ನೋಡಿ. ಮುಂದಿನ ಭಾನುವಾರಕ್ಕೆ 9ರಿಂದ 17 ಓದಿಕೊಂಡು ಬನ್ನಿ. ಅಲ್ಲಿ ಕೊಂಬೆಗಳಿಗೆ ‘ಸ್ನೇಹಿತರು’ ಅನ್ನೋ ಹೆಸರು ಸಿಗುತ್ತದೆ.