ಹರ್ಬರ್ಟ್ ಹೂವರ್: ಗಣಿ ಎಂಜಿನಿಯರ್ ಬೆಲ್ಜಿಯಂಗೆ ಗೋಧಿ ತಲುಪಿಸಿದ ಬಗೆ (1874–1917)

ಹೂವರ್ ಎಂದರೆ ನಮ್ಮ ಪಠ್ಯಗಳಲ್ಲಿ 1929ರ ಆರ್ಥಿಕ ಕುಸಿತದ ಹೊತ್ತಿಗೆ ಶ್ವೇತಭವನದಲ್ಲಿದ್ದ ಅಧ್ಯಕ್ಷ, ಅಷ್ಟೇ. ಅದಕ್ಕೂ ಹದಿನೈದು ವರ್ಷ ಮೊದಲು, ಯಾವ ಸರ್ಕಾರಿ ಹುದ್ದೆಯೂ ಇಲ್ಲದೆ, ಮೊದಲ ಮಹಾಯುದ್ಧದ ನಡುವೆ ಇಡೀ ಒಂದು ದೇಶಕ್ಕೆ ಆಹಾರ ಒದಗಿಸಿದ್ದು ಅವರ ಬದುಕಿನ ಇನ್ನೊಂದು ಅಧ್ಯಾಯ. ಈ ಟಿಪ್ಪಣಿ ಅದರ ಬಗ್ಗೆ. ಬಾಲ್ಯದ ಪ್ರಶ್ನೆ ಬಂದಾಗ ಬಹಳ ಮಂದಿ ‘ತಬ್ಬಲಿಯಾಗಿದ್ದರು, ಆದ್ದರಿಂದ ಹಸಿದವರ ಮೇಲೆ ಕರುಣೆ’ ಎಂದು ಬರೆದು ಮುಗಿಸುತ್ತಾರೆ. ಅದಿಷ್ಟರಿಂದ ಬೆಲ್ಜಿಯಂನ ಕೆಲಸ ಅರ್ಥವಾಗುವುದಿಲ್ಲ. ಆ ಕೆಲಸ ನಿಂತದ್ದು ಖರೀದಿ, ಸಾಗಣೆ, ಲೆಕ್ಕ, ಲಿಖಿತ ಒಪ್ಪಂದ ಎಂಬ ನಾಲ್ಕು ಕಾಲಿನ ಮೇಲೆ. ಬಾಲ್ಯ–ಯೌವನದಲ್ಲಿ ಹುಡುಕಬೇಕಾದದ್ದೂ ಇವುಗಳ ಬೇರನ್ನೇ.

ಆರಂಭದ ಬದುಕು

ಹುಟ್ಟಿದ್ದು 1874ರ ಆಗಸ್ಟ್ 10ರಂದು, ಅಯೋವಾ ರಾಜ್ಯದ ವೆಸ್ಟ್ ಬ್ರಾಂಚ್ ಎಂಬ ಊರಿನ ಕ್ವೇಕರ್ (ಒಂದು ಕ್ರೈಸ್ತ ಪಂಥ) ಕುಟುಂಬದಲ್ಲಿ. ತಂದೆ ಜೆಸ್ಸಿ ಕಮ್ಮಾರಿಕೆ ಮಾಡುತ್ತಿದ್ದರು, ಆಮೇಲೆ ಕೃಷಿ ಉಪಕರಣಗಳ ವ್ಯಾಪಾರ. ಅವರು 1880ರಲ್ಲಿ, ತಾಯಿ ಹುಲ್ಡಾ 1884ರಲ್ಲಿ ತೀರಿಕೊಂಡರು. 1885ರಲ್ಲಿ ಹುಡುಗನನ್ನು ಆರೆಗಾನ್‌ನಲ್ಲಿ ವೈದ್ಯರಾಗಿದ್ದ ಸೋದರಮಾವ ಹೆನ್ರಿ ಜಾನ್ ಮಿಂಥಾರ್ನ್ ಬಳಿಗೆ ಕಳಿಸಲಾಯಿತು. ಹದಿಹರೆಯದಲ್ಲಿ ಸೇಲಂ ಊರಿನ ಒಂದು ಭೂ ವ್ಯವಹಾರ ಕಂಪನಿಯಲ್ಲಿ ಆಫೀಸ್ ಹುಡುಗನ ಕೆಲಸ, ರಾತ್ರಿ ಶಾಲೆಯಲ್ಲಿ ಗಣಿತ.

1891ರಲ್ಲಿ ಬಾಗಿಲು ತೆರೆದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೊದಲ ತಂಡದಲ್ಲಿ ಸೇರಿ, 1895ರಲ್ಲಿ ಭೂವಿಜ್ಞಾನದ ಪದವಿ ಪಡೆದರು. ವಿದ್ಯಾರ್ಥಿ ಸಂಘದ ಖಜಾಂಚಿಯಾಗಿ ಅದರ ಸಾಲ ತೀರಿಸಿ, ಲೆಕ್ಕಪತ್ರವನ್ನು ಕಾಲೇಜು ಪತ್ರಿಕೆಯಲ್ಲಿ ಪ್ರಕಟಿಸಿದ್ದು ಚಿಕ್ಕ ಸಂಗತಿಯಂತೆ ಕಾಣುತ್ತದೆ. ಮುಂದಿನದನ್ನು ಓದುವಾಗ ನೆನಪಿರಲಿ.

ಪದವಿಯ ನಂತರ ಕ್ಯಾಲಿಫೋರ್ನಿಯಾದ ಗಣಿಯಲ್ಲಿ ಅದಿರಿನ ಗಾಡಿ ತಳ್ಳಿದರು. 1897ರಲ್ಲಿ ಲಂಡನ್ನಿನ ಬೆವಿಕ್ ಮೋರಿಂಗ್ ಸಂಸ್ಥೆ ಅವರನ್ನು ಪಶ್ಚಿಮ ಆಸ್ಟ್ರೇಲಿಯಾದ ಚಿನ್ನದ ಗಣಿಗಳಿಗೆ ಕಳಿಸಿತು. ಲಂಡನ್ನಿನಲ್ಲಿ ಬಂಡವಾಳ, ಸಾವಿರಾರು ಮೈಲಿ ದೂರದಲ್ಲಿ ಗಣಿ, ನಡುವೆ ತಂತಿ ಸಂದೇಶ ಮತ್ತು ಹಡಗು: ಇದು ಆ ಕಾಲದ ವ್ಯವಸ್ಥೆ. ನಮ್ಮ ಕೋಲಾರದ ಗಣಿಗಳನ್ನು ಜಾನ್ ಟೇಲರ್ ಅಂಡ್ ಸನ್ಸ್ ನಡೆಸಿದ ಕ್ರಮ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1899ರಲ್ಲಿ ಲೂ ಹೆನ್ರಿ ಅವರನ್ನು ಮದುವೆಯಾಗಿ ಚೀನಾಕ್ಕೆ ಹೊರಟರು. ವಿದೇಶಿಯರ ವಿರುದ್ಧ ಎದ್ದ 1900ರ ಬಾಕ್ಸರ್ ದಂಗೆಯಲ್ಲಿ ದಂಪತಿ ಟಿಯೆಂಟ್ಸಿನ್ ನಗರದಲ್ಲಿ ಮುತ್ತಿಗೆಗೆ ಸಿಕ್ಕಿಬಿದ್ದರು. ಗೋದಾಮುಗಳ ಅಕ್ಕಿ, ಸಕ್ಕರೆ ಮೂಟೆಗಳನ್ನೇ ಪೇರಿಸಿ ತಡೆಗೋಡೆ ಕಟ್ಟುವ ಹೊಣೆ ಹೂವರ್ ಪಾಲಿಗೆ ಬಂತು. ಕೈಪಿಂಗ್ ಕಲ್ಲಿದ್ದಲು ಗಣಿಗಳು ವಿದೇಶಿ ಕಂಪನಿಯ ಕೈಗೆ ಹೋದ ವ್ಯವಹಾರದಲ್ಲೂ ಅವರ ಪಾತ್ರವಿತ್ತು. ಆ ಬಗ್ಗೆ 1905ರಲ್ಲಿ ಲಂಡನ್ ನ್ಯಾಯಾಲಯ ಚೀನೀ ಅಧಿಕಾರಿ ಚಾಂಗ್ ಯೆನ್‌ಮಾವೊ ಪರವಾಗಿ, ಬೆವಿಕ್ ಮೋರಿಂಗ್ ವಿರುದ್ಧವಾಗಿ ತೀರ್ಪು ಕೊಟ್ಟಿತು. ಹೊಗಳಿಕೆಯ ಜೀವನಚಿತ್ರಗಳು ಇದನ್ನು ಮೆಲ್ಲಗೆ ದಾಟಿಬಿಡುತ್ತವೆ, ನೀವು ದಾಟಬೇಡಿ. ಆ ವ್ಯವಹಾರದಲ್ಲಿ ಹೂವರ್ ಜೊತೆ ಜಟಾಪಟಿ ನಡೆಸಿದ ಬೆಲ್ಜಿಯನ್ ಎಮಿಲ್ ಫ್ರಾಂಕಿ, 1914ರಲ್ಲಿ ಮತ್ತೆ ಎದುರಾಗುತ್ತಾರೆ.

1914: ಬೆಲ್ಜಿಯಂ ಏಕೆ ಹಸಿಯಿತು?

ಬೆಲ್ಜಿಯಂ ಕೈಗಾರಿಕಾ ದೇಶ. ಜನಸಂಖ್ಯೆ 70 ಲಕ್ಷಕ್ಕೂ ಹೆಚ್ಚು, ಊಟಕ್ಕೆ ಬೇಕಾದ ಧಾನ್ಯದ ಬಹುಪಾಲು ಆಮದು. ಆಗಸ್ಟ್‌ನಲ್ಲಿ ಜರ್ಮನ್ ಸೇನೆ ದೇಶವನ್ನು ಆಕ್ರಮಿಸಿ ಸಿಕ್ಕಿದ ದಾಸ್ತಾನು ವಶಪಡಿಸಿಕೊಂಡಿತು. ಸಮುದ್ರದಲ್ಲಿ ಬ್ರಿಟನ್ ದಿಗ್ಬಂಧನ ಹಾಕಿತು. ‘ಆಕ್ರಮಿಸಿದವರೇ ಅನ್ನ ಹಾಕಲಿ’ ಎಂದಿತು ಬ್ರಿಟನ್. ‘ದಿಗ್ಬಂಧನ ತೆಗೆಯಿರಿ, ಆಹಾರ ತಾನಾಗಿ ಬರುತ್ತದೆ’ ಎಂದಿತು ಜರ್ಮನಿ. ಎರಡೂ ವಾದಗಳಿಗೆ ತರ್ಕವಿತ್ತು. ನಡುವೆ ಸಿಕ್ಕಿದವರು ಬೆಲ್ಜಿಯನ್ನರು.

ಆಗ ಹೂವರ್ ಲಂಡನ್ನಿನಲ್ಲಿದ್ದರು, ವಯಸ್ಸು 40. ಯುರೋಪಿನಲ್ಲಿ ಸಿಕ್ಕಿಕೊಂಡ ಅಮೆರಿಕನ್ ಪ್ರವಾಸಿಗರನ್ನು ಊರಿಗೆ ಕಳಿಸುವ ಸಮಿತಿ ನಡೆಸಿ ರಾಯಭಾರಿ ವಾಲ್ಟರ್ ಹೈನ್ಸ್ ಪೇಜ್ ಅವರ ಕಣ್ಣಿಗೆ ಬಿದ್ದಿದ್ದರು. ಅಕ್ಟೋಬರ್ 16ರಂದು ಜರ್ಮನ್ ಗವರ್ನರ್ ಜನರಲ್ ಫಾನ್ ಡೆರ್ ಗೋಲ್ಟ್ಸ್, ನಾಗರಿಕರಿಗೆಂದು ತಂದ ಆಹಾರವನ್ನು ಸೇನೆ ಮುಟ್ಟುವುದಿಲ್ಲ ಎಂದು ಬರೆದುಕೊಟ್ಟರು. ಅಕ್ಟೋಬರ್ 22ರಂದು ‘ಕಮಿಷನ್ ಫಾರ್ ರಿಲೀಫ್ ಇನ್ ಬೆಲ್ಜಿಯಂ’ ಲಂಡನ್ನಿನಲ್ಲಿ ಸ್ಥಾಪನೆಯಾಯಿತು. ಹೂವರ್ ಸಂಬಳ ತೆಗೆದುಕೊಳ್ಳಲಿಲ್ಲ.

ಎರಡು ಸಂಸ್ಥೆಗಳನ್ನು ಬೆರೆಸಬೇಡಿ. ಹೂವರ್ ಅವರ ಆಯೋಗ ಖರೀದಿ, ಸಾಗಣೆ, ಮೇಲ್ವಿಚಾರಣೆ ನೋಡಿಕೊಂಡಿತು. ಬೆಲ್ಜಿಯಂ ಒಳಗೆ ಹಂಚಿದ್ದು ಫ್ರಾಂಕಿ ನಡೆಸುತ್ತಿದ್ದ, ಉದ್ಯಮಿ ಅರ್ನೆಸ್ಟ್ ಸಾಲ್ವೆ ಅಧ್ಯಕ್ಷರಾಗಿದ್ದ ರಾಷ್ಟ್ರೀಯ ಸಮಿತಿ. ಹೂವರ್–ಫ್ರಾಂಕಿ ನಡುವೆ ‘ಯಜಮಾನ ಯಾರು’ ಎಂಬ ಜಗಳ ನಿಲ್ಲಲೇ ಇಲ್ಲ, ಕೆಲಸವೂ ನಿಲ್ಲಲಿಲ್ಲ.

ಒಂದು ಮೂಟೆಯ ದಾರಿ

ಅಮೆರಿಕ ಖಂಡಗಳಲ್ಲಿ ಕೊಂಡ ಗೋಧಿ, ಬಾಡಿಗೆ ಹಡಗುಗಳಲ್ಲಿ ತಟಸ್ಥ ಹಾಲೆಂಡಿನ ರಾಟರ್‌ಡಾಮ್ ಬಂದರಿಗೆ ಬರುತ್ತಿತ್ತು. ಹಡಗಿನ ಪಕ್ಕಕ್ಕೆ ದೂರದಿಂದಲೇ ಓದಬಹುದಾದ ದೊಡ್ಡ ಅಕ್ಷರಗಳ ಪಟ್ಟಿ, ಮೇಲೆ ಆಯೋಗದ ಬಾವುಟ. ಇಷ್ಟಿದ್ದರೂ 1915ರ ಏಪ್ರಿಲ್‌ನಲ್ಲಿ, ಸರಕು ಇಳಿಸಿ ವಾಪಸಾಗುತ್ತಿದ್ದ ‘ಹಾರ್ಪಲೈಸ್’ ಹಡಗನ್ನು ಜರ್ಮನ್ ಜಲಾಂತರ್ಗಾಮಿ ಮುಳುಗಿಸಿತು.

ರಾಟರ್‌ಡಾಮ್‌ನಿಂದ ಮುಂದೆ ಕಾಲುವೆಗಳಲ್ಲಿ ಬಾರ್ಜ್ ದೋಣಿಗಳು. ರೈಲುಗಳು ಸೇನೆಯ ಹಿಡಿತದಲ್ಲಿದ್ದುದರಿಂದ ಈ ಜಲಮಾರ್ಗವೇ ಗತಿ. ಗೋಧಿ ಗಿರಣಿಗೆ, ಹಿಟ್ಟು ಪ್ರಾಂತ್ಯ ಸಮಿತಿಗೆ, ಅಲ್ಲಿಂದ ಕಮ್ಯೂನ್ ಅಂದರೆ ಊರ ಸಮಿತಿಗೆ, ಕೊನೆಗೆ ಬೇಕರಿಗೆ. ಜನ ಪಡಿತರ ಚೀಟಿ ತೋರಿಸಿ ಬ್ರೆಡ್ ಪಡೆಯಬೇಕು.

ಇಲ್ಲಿ ಗಮನಿಸಬೇಕಾದ ಕಾನೂನಿನ ಜಾಣ್ಮೆ ಒಂದಿದೆ. ಸರಕು ಹಂಚಿಕೆಯಾಗುವ ತನಕ ಬೆಲ್ಜಿಯನ್ನರ ಆಸ್ತಿಯಾಗುತ್ತಿರಲಿಲ್ಲ. ತಟಸ್ಥ ಅಮೆರಿಕನ್ನರ ವಶದಲ್ಲೇ ಉಳಿಯುತ್ತಿತ್ತು. ಬೆಲ್ಜಿಯನ್ ಗೋದಾಮಿನ ಧಾನ್ಯ ಸೇನೆಗೆ ಸುಲಭದ ತುತ್ತು. ತಟಸ್ಥ ದೇಶದವರ ಧಾನ್ಯ ಮುಟ್ಟಿದರೆ ರಾಜತಾಂತ್ರಿಕ ರಗಳೆ. ಒಂದು ಹೊತ್ತಿಗೆ ಕೆಲವು ಡಜನ್ ಮಾತ್ರ ಇದ್ದ ಅಮೆರಿಕನ್ ಪ್ರತಿನಿಧಿಗಳ ಕೆಲಸವೂ ಇದೇ: ಹಂಚುವುದಲ್ಲ, ಕಾವಲು ಕಾಯುವುದು ಮತ್ತು ಲೆಕ್ಕ ನೋಡುವುದು. ಆರಂಭದಲ್ಲಿ ಬಂದವರಲ್ಲಿ ಬಹಳಷ್ಟು ಮಂದಿ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ಅಮೆರಿಕನ್ ವಿದ್ಯಾರ್ಥಿಗಳು.

ಖಾಲಿ ಚೀಲಕ್ಕೂ ಲೆಕ್ಕವಿತ್ತು. ಹಿಟ್ಟಿನ ಚೀಲ ಹತ್ತಿಯದು, ಹತ್ತಿಯಿಂದ ಸ್ಫೋಟಕ ತಯಾರಾಗುತ್ತದೆ. ಚೀಲಗಳು ಜರ್ಮನಿಗೆ ಸೋರಿದರೆ ಬ್ರಿಟನ್ ಕೈಯೆತ್ತಿಬಿಡಬಹುದು. ಹಾಗಾಗಿ ಅವನ್ನು ಎಣಿಸಿ ವಾಪಸ್ ಪಡೆದು, ಬಟ್ಟೆ ಹೊಲಿಯಲು, ಕಸೂತಿಗೆ ಕೊಡುತ್ತಿದ್ದರು. ಕಸೂತಿ ಹಾಕಿದ ಅಂಥ ಚೀಲಗಳು ಈಗ ವಸ್ತುಸಂಗ್ರಹಾಲಯಗಳಲ್ಲಿವೆ.

ದುಡ್ಡು ಎಲ್ಲಿಂದ?

ಇದೆಲ್ಲ ದಾನದ ಹಣದಿಂದ ನಡೆಯಿತು ಎನ್ನುವುದು ಉತ್ತರಪತ್ರಿಕೆಗಳಲ್ಲಿ ಮಾಮೂಲಿ ತಪ್ಪು. ಒಟ್ಟು ವಹಿವಾಟು ಸುಮಾರು 92.7 ಕೋಟಿ ಡಾಲರ್. ದಾನವಾಗಿ ಬಂದದ್ದು ಸುಮಾರು 5.2 ಕೋಟಿ. ಉಳಿದದ್ದರ ಬಹುಪಾಲು ಸರ್ಕಾರಗಳ ನೆರವು: ಮೊದಲು ಬ್ರಿಟನ್, ಫ್ರಾನ್ಸ್, 1917ರ ನಂತರ ಅಮೆರಿಕದ ಸಾಲ. 1915ರ ಆರಂಭದಲ್ಲಿ ಹೂವರ್ ಬ್ರಿಟಿಷ್ ಹಣಕಾಸು ಸಚಿವ ಲಾಯ್ಡ್ ಜಾರ್ಜ್ ಅವರ ಮನವೊಲಿಸಿದ ಮೇಲೆ ಬೆಲ್ಜಿಯಂಗೆ ತಿಂಗಳಿಗೆ 2.5 ಕೋಟಿ ಫ್ರಾಂಕ್ ನಿಗದಿಯಾಯಿತು. ಆಡಳಿತ ವೆಚ್ಚ ಒಟ್ಟು ಮೊತ್ತದ ಶೇ. 1ಕ್ಕಿಂತ ಕಡಿಮೆ.

ಹಣ ಗಡಿ ದಾಟುವಂತಿರಲಿಲ್ಲ ಎಂಬ ತೊಡಕನ್ನು ಹೀಗೆ ಬಿಡಿಸಿದರು. ಕೊಳ್ಳಲು ಶಕ್ತಿ ಇದ್ದವರು ಬ್ರೆಡ್ಡಿಗೆ ಬೆಲ್ಜಿಯನ್ ಫ್ರಾಂಕ್ ಕೊಟ್ಟರು. ಆ ಹಣ ದೇಶದೊಳಗೇ ಉಳಿದು ಶಿಕ್ಷಕರ ಸಂಬಳ, ಸೈನಿಕರ ಕುಟುಂಬಗಳ ಭತ್ಯೆ, ನಿರುದ್ಯೋಗಿಗಳ ನೆರವು, ಉಚಿತ ಸೂಪ್ ಕೇಂದ್ರಗಳಿಗೆ ಹೋಯಿತು. ಹೊರಗಿನ ಖರೀದಿಗೆ ಹೊರಗಿನ ಸರ್ಕಾರಗಳ ಹಣ. ಒಂದು ಕಡೆ ಜಮೆ, ಇನ್ನೊಂದು ಕಡೆ ಖರ್ಚು. ನೋಟು ಮಾತ್ರ ಗಡಿ ದಾಟಲಿಲ್ಲ.

ಎಲ್ಲಿ ಮುರಿಯಬಹುದಿತ್ತು?

ಬ್ರಿಟನ್ನಿನ ಭಯ: ನಾವು ಗೋಧಿ ಕೊಟ್ಟರೆ ಜರ್ಮನ್ನರು ಅಲ್ಲಿನ ಸ್ಥಳೀಯ ಬೆಳೆಯನ್ನು ಹೊತ್ತೊಯ್ಯುತ್ತಾರೆ. ನೌಕಾ ಸಚಿವ ಚರ್ಚಿಲ್, ಯುದ್ಧ ಸಚಿವ ಕಿಚನರ್ ಇಬ್ಬರೂ ಈ ಕೆಲಸದ ವಿರೋಧಿಗಳು. ಸ್ಥಳೀಯ ಫಸಲು ನಾಗರಿಕರಿಗೇ ಮೀಸಲು ಎಂಬ ಭರವಸೆಯನ್ನು 1915ರಲ್ಲಿ ಜರ್ಮನಿಯಿಂದ ಪಡೆದ ಮೇಲೆಯೇ ದಾರಿ ಸುಗಮವಾದದ್ದು. ಅದೇ ವರ್ಷ ಆಕ್ರಮಿತ ಉತ್ತರ ಫ್ರಾನ್ಸಿನ ಸುಮಾರು 20 ಲಕ್ಷ ಜನರೂ ವ್ಯವಸ್ಥೆಗೆ ಸೇರಿದರು.

1916ರ ಕೊನೆಯಲ್ಲಿ ಜರ್ಮನ್ನರು ನಿರುದ್ಯೋಗಿ ಬೆಲ್ಜಿಯನ್ನರನ್ನು ದುಡಿಮೆಗೆಂದು ಬಲವಂತವಾಗಿ ಸಾಗಿಸತೊಡಗಿ, ಅವರ ಪಟ್ಟಿ ಕೇಳಿದರು. ನೆರವು ಪಡೆಯುವವರ ಹೆಸರುಗಳು ಸಮಿತಿಗಳ ಬಳಿಯೇ ಇದ್ದವು. ಹಂಚಿಕೆಗೆ ಅನಿವಾರ್ಯವಾದ ಆ ದಾಖಲೆ ತಪ್ಪು ಕೈಗೆ ಸಿಕ್ಕರೆ ಅದೇ ಬಲೆಯಾಗುತ್ತಿತ್ತು. ಸಮಿತಿಗಳವರು ಪಟ್ಟಿ ಕೊಡಲು ನಿರಾಕರಿಸಿದರು. ಜನರ ಸಾಗಾಟ ಮಾತ್ರ ಕೆಲ ತಿಂಗಳು ನಡೆದೇ ನಡೆಯಿತು.

1917ರ ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ತಾಟಸ್ಥ್ಯವೇ ಹೋಯಿತು. ಅಮೆರಿಕನ್ ಪ್ರತಿನಿಧಿಗಳು ಹೊರಬಂದರು. ಒಳಗಿನ ಮೇಲ್ವಿಚಾರಣೆ ಸ್ಪ್ಯಾನಿಷ್–ಡಚ್ ಸಮಿತಿಗೆ ಹೋಯಿತು, ಖರೀದಿ ಮತ್ತು ಹಡಗುಗಳನ್ನು ಆಯೋಗವೇ ಉಳಿಸಿಕೊಂಡಿತು. ಹೂವರ್ ವಾಷಿಂಗ್ಟನ್‌ಗೆ ಮರಳಿ ಅಮೆರಿಕ ಸರ್ಕಾರದ ‘ಆಹಾರ ಆಡಳಿತ’ ಎಂಬ ಸಂಸ್ಥೆಯ ಮುಖ್ಯಸ್ಥರಾದರು. ಅವರ ಮೊದಲ ಸರ್ಕಾರಿ ಹೊಣೆ ಇದೇ. ಅವರು ಆಮೇಲೆ ನಡೆಸಿದ ಇನ್ನೊಂದು ನೆರವು ಸಂಸ್ಥೆ ‘ಅಮೆರಿಕನ್ ರಿಲೀಫ್ ಅಡ್ಮಿನಿಸ್ಟ್ರೇಷನ್’ ಹುಟ್ಟಿದ್ದು 1919ರಲ್ಲಿ; 1921–23ರ ರಷ್ಯಾದ ಕ್ಷಾಮ ಪರಿಹಾರ ಅದರ ಲೆಕ್ಕಕ್ಕೆ ಸೇರಬೇಕು, ಬೆಲ್ಜಿಯಂ ಆಯೋಗದ ಲೆಕ್ಕಕ್ಕಲ್ಲ.