ಹಂಚಿನ ಅಡಿಯ ಅಕ್ಷರದಿಂದ ಹುಲಿವೇಷದ ಲೋಗೋವರೆಗೆ

ಮಂಗಳೂರಿನಲ್ಲಿ ಈಚೆಗೆ ತೆರೆದ ಕೆಫೆಗಳ ಬೋರ್ಡು ನೋಡುತ್ತಾ ಹೋಗಿ. ಒಂದರಲ್ಲಿ ಹುಲಿವೇಷದ ಪಟ್ಟೆ, ಇನ್ನೊಂದರಲ್ಲಿ ಯಕ್ಷಗಾನದ ಕಿರೀಟ, ಮತ್ತೊಂದರಲ್ಲಿ ಕಂಬಳದ ಕೋಣ. ಮಣಿಪಾಲದಲ್ಲಿ ಮಾರುವ ಟೀಶರ್ಟುಗಳ ಮೇಲೂ ಇವೇ ಮೂರು. ಡಿಸೈನಿಗೆ ಬೇಕಾದದ್ದನ್ನು ನಮ್ಮ ಊರಿನ ಬದುಕಿನಲ್ಲೇ ಹುಡುಕಬೇಕು ಎಂಬ ಮಾತು ಈಗ ಜೋರಾಗಿದೆ. ಒಳ್ಳೆಯದೇ. ಆದರೆ ಕರಾವಳಿಗೆ ಇದು ಹೊಸತೇನಲ್ಲ. ಇಲ್ಲಿನ ವ್ಯಾಪಾರಿಗಳು ನೂರೈವತ್ತು ವರ್ಷಗಳಿಂದ ಅದನ್ನೇ ಮಾಡಿಕೊಂಡು ಬಂದಿದ್ದಾರೆ. ಅವರು ಮೊದಲು ಗಿರಾಕಿಯನ್ನು ನೋಡುತ್ತಿದ್ದರು, ಚಿತ್ರದ ಯೋಚನೆ ಆಮೇಲೆ. ಈಗ ಅದು ತಿರುಗುಮುರುಗಾಗಿದೆ ಅಂತ ನನಗೆ ಅನಿಸುತ್ತದೆ.

ಹಂಚಿನಿಂದಲೇ ಶುರು ಮಾಡೋಣ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಅವರ ಅಚ್ಚುಕೂಟ ಆಯಿತು. ಆ ಅಚ್ಚುಕೂಟದ ಕೆಲಸ ನೋಡಿಕೊಂಡಿದ್ದ ಜಾರ್ಜ್ ಪ್ಲೆಬ್ಸ್ಟ್ ಇಲ್ಲಿನ ಹೊಳೆಬದಿಯ ಆವೆಮಣ್ಣು ಹಿಡಿದು ಪ್ರಯೋಗಕ್ಕೆ ಇಳಿದರು. 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಹಂಚಿನ ಕಾರ್ಖಾನೆ ಎದ್ದು ನಿಂತಿತು. ಅಚ್ಚುಕೂಟದವರ ಕೈಗೆ ಮಣ್ಣು ಸಿಕ್ಕಿದರೆ ಏನು ಮಾಡುತ್ತಾರೆ? ಅದರ ಮೇಲೂ ಅಕ್ಷರ ಒತ್ತುತ್ತಾರೆ! ಅಚ್ಚಿನಲ್ಲಿ ಹೆಸರನ್ನು ತಿರುವುಮುರುವಾಗಿ ಕೊರೆದಿದ್ದರೆ ಸಾಕು, ಹಸಿ ಮಣ್ಣಿನ ಮೇಲೆ ಅದು ಸರಿಯಾಗಿ ಉಬ್ಬಿ ಬರುತ್ತದೆ. ಅದಕ್ಕೆ ಬೇರೆ ಬಣ್ಣ ಬೇಡ, ಚೀಟಿ ಬೇಡ, ಖರ್ಚೂ ಇಲ್ಲ.

ಆ ಹೆಸರು ಇರುವುದು ಹಂಚಿನ ಅಡಿಭಾಗದಲ್ಲಿ. ಮೇಲ್ಭಾಗ ಮಳೆನೀರು ಹರಿದು ಹೋಗುವ ಜಾಗ, ಅದನ್ನು ನೋಡುವವರೂ ಕಾಗೆಗಳು ಮಾತ್ರ. ಹಳೆಯ ಮನೆಗಳಲ್ಲಿ ಸೀಲಿಂಗ್ ಇರಲಿಲ್ಲ. ಮಧ್ಯಾಹ್ನ ಊಟ ಮಾಡಿ ಚಾಪೆ ಮೇಲೆ ಅಂಗಾತ ಮಲಗಿದರೆ, ಎರಡು ರೀಪುಗಳ ನಡುವೆ ಕಾಣುವುದು ಕಂಪನಿಯ ಹೆಸರು. ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಬಾಸೆಲ್ ಮಿಷನ್ ಟೈಲ್ ವರ್ಕ್ಸ್, ಜೊತೆಗೆ 1865. ಮಕ್ಕಳು ಅಕ್ಷರ ಕೂಡಿಸಿ ಓದಲು ಕಲಿಯುವುದಕ್ಕೂ ಅದು ಒದಗುತ್ತಿತ್ತು. ಇಷ್ಟು ಹೊತ್ತು, ಇಷ್ಟು ವರ್ಷ, ಇಷ್ಟು ಹತ್ತಿರದಿಂದ ಗಿರಾಕಿಯ ಕಣ್ಣಿಗೆ ಬೀಳುವ ಜಾಹೀರಾತನ್ನು ಇವತ್ತು ದುಡ್ಡು ಕೊಟ್ಟರೂ ಮಾಡಿಸಲು ಆಗುವುದಿಲ್ಲ. ಅಂದ ಹಾಗೆ, ಹಳೆ ಸಾಮಾನಿನ ಅಂಗಡಿಯಲ್ಲಿ ಯಾರಾದರೂ ‘ಇದು 1865ರ ಹಂಚು’ ಅಂದರೆ ಹೆಚ್ಚು ಕಾಸು ಕೊಡಬೇಡಿ. ಅದು ಕಾರ್ಖಾನೆ ಶುರುವಾದ ವರ್ಷ. ಎಷ್ಟೋ ದಶಕ ಆದಮೇಲೆ ಸುಟ್ಟ ಹಂಚಿನ ಮೇಲೂ ಅದೇ ಇಸವಿ ಇರುತ್ತದೆ.

ಬೀಡಿಯ ಕಥೆ ಬೇರೆ. 1930ರ ದಶಕದ ಹೊತ್ತಿಗೆ ಮಂಗಳೂರು ಬೀಡಿಯ ಊರಾಗತೊಡಗಿತ್ತು. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುತ್ತಿ, ನೂಲು ಕಟ್ಟುವ ಕೆಲಸ ಮನೆಮನೆಗೆ ಹಬ್ಬಿತು. ಮಾಲು ಮಾತ್ರ ದೂರದ ಊರುಗಳಿಗೆ ಹೋಗಬೇಕಿತ್ತು. 1951ರ ಜನಗಣತಿಯಲ್ಲಿ ಕೂಡ ದೇಶದ ಸಾಕ್ಷರತೆ ಇದ್ದದ್ದು ಶೇ. 18ರ ಸುತ್ತಮುತ್ತ. ಓದಲು ಬಾರದ ಗಿರಾಕಿ ಗೂಡಂಗಡಿಯ ಮುಂದೆ ನಿಂತು ತನ್ನ ಬೀಡಿಯನ್ನೇ ಕೇಳಿ ಪಡೆಯುವುದು ಹೇಗೆ? ಉತ್ತರ ಅವನ ಮನೆಯ ಗೋಡೆಯಲ್ಲೇ ಇತ್ತು. ಗಣೇಶ ಬೀಡಿಯ ಲೇಬಲ್ಲಿನಲ್ಲಿ ಕೂತದ್ದು ಎಲ್ಲರಿಗೂ ಗೊತ್ತಿರುವ ದೇವರು. ಬೇರೆ ಬೀಡಿಗಳು ದೊಡ್ಡದಾಗಿ ಅಂಕಿ ಹಾಕಿಕೊಂಡವು. ಅಕ್ಷರ ಬಾರದಿದ್ದರೂ ನೋಟು ನಾಣ್ಯದ ಅಂಕಿ ಗೊತ್ತಿರುತ್ತದಲ್ವಾ?

ಇನ್ನೊಂದು ಸಂಗತಿ. ಟ್ರೇಡ್‌ಮಾರ್ಕ್ ನೋಂದಣಿಗೆ ದೇಶದಲ್ಲಿ ಕಾನೂನು ಬಂದದ್ದೇ 1940ರಲ್ಲಿ. ಅದಕ್ಕೂ ಮೊದಲು ನಕಲಿಯ ಕಾಟ ತಪ್ಪಿಸಿಕೊಳ್ಳಲು ಲೇಬಲ್ಲನ್ನೇ ಗಟ್ಟಿ ಮಾಡಿಕೊಳ್ಳಬೇಕಿತ್ತು. ಹಾಗಾಗಿ ತುಂಬಿದ ಬಣ್ಣ, ಬಳ್ಳಿಯ ಅಂಚು, ಮಾಲೀಕರ ಭಾವಚಿತ್ರ, ಮೂರ್ನಾಲ್ಕು ಭಾಷೆ. ನಮಗೆ ಇವತ್ತು ಗಿಜಿಗಿಜಿ ಅನಿಸುವುದು ಆಗ ಬೇಲಿಯಾಗಿತ್ತು. 2016ರಿಂದ ತಂಬಾಕಿನ ಪ್ಯಾಕೆಟ್ಟಿನ ಶೇ. 85ರಷ್ಟು ಜಾಗ ಆರೋಗ್ಯದ ಎಚ್ಚರಿಕೆಗೆ ಮೀಸಲು. ಬೀಡಿ ಆರೋಗ್ಯಕ್ಕೆ ಮಾಡುವುದನ್ನು ನೋಡಿದರೆ ಅದು ಸರಿಯೇ. ಆ ಲೇಬಲ್ಲುಗಳ ಕಾಲ ಮಾತ್ರ ಅಲ್ಲಿಗೆ ಮುಗಿಯಿತು.

ಬ್ಯಾಂಕುಗಳ ಲೋಗೋ ಬಗ್ಗೆ ಹೇಳಲು ಹೊರಟರೆ ಮೊದಲು ನೆನಪಾಗುವುದು ಸಿಂಡಿಕೇಟ್ ಬ್ಯಾಂಕಿನ ನಾಯಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು ಅದು. 1928ರಲ್ಲಿ ಪಿಗ್ಮಿ ಠೇವಣಿ ತಂದು, ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೇ ಬಂದು ವಸೂಲು ಮಾಡಿದ್ದು. ಜಗಲಿಯಲ್ಲಿ ಏಜೆಂಟ್ ಬಂದು ಕೂರುವ ಬ್ಯಾಂಕಿಗೆ ಮನೆ ಕಾಯುವ ನಾಯಿಗಿಂತ ಸರಿಯಾದ ಗುರುತು ಯಾವುದು? ನಾಯಿಯ ಚಿತ್ರ ಹಾಕಿದರೆ ಘನತೆ ಕಡಿಮೆ ಎಂದು ಅವರು ಹಿಂಜರಿಯಲಿಲ್ಲ ನೋಡಿ, ಅದು ದೊಡ್ಡದು. 2007ರಲ್ಲಿ ಕೆನರಾ ಬ್ಯಾಂಕು ಒಂದಕ್ಕೊಂದು ಹೆಣೆದ ಎರಡು ತ್ರಿಕೋನಗಳ ಗುರುತಿಗೆ ಬದಲಾಯಿತು. ಚೊಕ್ಕವಾಗಿದೆ, ಯಾವ ಊರಿನದ್ದೂ ಆಗಬಹುದು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾದೊಳಗೆ ಸೇರಿತು. ನಾಯಿಯ ಬೋರ್ಡು ಇಳಿಯಿತು.

ಕೈಬರಹದ ಬೋರ್ಡುಗಳು ಅದಕ್ಕೂ ಮೊದಲೇ ಹೋಗಿದ್ದವು. ಫ್ಲೆಕ್ಸ್ ಬಂದಮೇಲೆ ಬಸ್ಸಿನ ಹೆಸರು, ಅಂಗಡಿಯ ಬೋರ್ಡು ಬರೆಯುತ್ತಿದ್ದ ಪೇಂಟರುಗಳ ಕೆಲಸ ಕರಗಿತು. ಹಳೆಯ ಅಂಗಡಿಸಾಲು ಹೇಗಿತ್ತು ಎಂದು ನೋಡಬೇಕಿದ್ದರೆ ಈಗ ವಿಜಯನಾಥ ಶೆಣೈ ಅವರು ಮಣಿಪಾಲದಲ್ಲಿ ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೆ ಹೋಗಬೇಕು.

ಹಾಗಂತ ದಿನನಿತ್ಯದ ಡಿಸೈನ್ ಎಲ್ಲವೂ ಮ್ಯೂಸಿಯಂ ಸೇರಿಲ್ಲ. ಶಂಕರಪುರ ಮಲ್ಲಿಗೆ ನೋಡಿ. ಹೂವನ್ನು ಬಾಳೆನಾರಿನಲ್ಲಿ ಒತ್ತಾಗಿ ಕಟ್ಟುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮೇಲೆ ಬಾಳೆಎಲೆ. ನಾರು, ಎಲೆ ಎರಡೂ ತೋಟದವು, ತಂಪು ಹಿಡಿದಿಡುತ್ತವೆ. ಆ ಕಟ್ಟು ನೋಡಿದರೆ ಸಾಕು, ಎಷ್ಟು ಹೂವು, ಎಲ್ಲಿಯದು ಅಂತ ತಿಳಿಯುತ್ತದೆ. ಅಳತೆ, ಪ್ಯಾಕಿಂಗ್, ಗುರುತು ಮೂರೂ ಒಂದರಲ್ಲೇ. ಉಡುಪಿ ಮಲ್ಲಿಗೆ ಅಂತಲೂ ಕರೆಯುವ ಈ ಹೂವು, ಮಟ್ಟುಗುಳ್ಳ ಎಂಬ ಬದನೆ, ಉಡುಪಿ ಸೀರೆ ಮೂರಕ್ಕೂ ಈಗ ಜಿಐ ಮಾನ್ಯತೆ, ಅಂದರೆ ಊರಿನ ಹೆಸರಿನ ಜೊತೆ ಗುರುತಿಸುವ ಭೌಗೋಳಿಕ ಸೂಚಕ ಇದೆ. ಆ ಹೆಸರುಗಳು ಒಬ್ಬ ಮಾಲೀಕನ ಸೊತ್ತಲ್ಲ, ಬೆಳೆಯುವ, ನೇಯುವ ಎಲ್ಲರದ್ದು. ಲೋಗೋಕ್ಕೆ ಮಲ್ಲಿಗೆ ಬೇಕು ಅನ್ನುವವರು ಒಂದು ಹೂವಿನ ಚಿತ್ರ ಬರೆದು ಸುಮ್ಮನಾಗುತ್ತಾರೆ. ನನ್ನ ಕೇಳಿದರೆ, ಕಲಿಯಬೇಕಾದದ್ದು ಆ ಕಟ್ಟಿನಲ್ಲಿದೆ.

ಈಗಿನ ಜಗಳ ಇರುವುದು ದೈವದ, ಅಂದರೆ ತುಳುನಾಡಿನವರು ಆರಾಧಿಸುವ ಭೂತಗಳ ವಿಷಯದಲ್ಲಿ. 2022ರಲ್ಲಿ ಭೂತಕೋಲದ ಸುತ್ತ ಹೆಣೆದ ಸಿನಿಮಾವೊಂದು ದೇಶವಿಡೀ ಓಡಿದ ಮೇಲೆ ದೈವದ ಮುಖವರ್ಣಿಕೆ, ಬೆನ್ನಿಗೆ ಕಟ್ಟುವ ಅಣಿ, ತೆಂಗಿನ ಗರಿಯ ಸಿರಿ ಎಲ್ಲವೂ ಸರಕಾಗತೊಡಗಿದವು. ವೇದಿಕೆಗಳಲ್ಲಿ ಅನುಕರಣೆ ನಡೆಯಿತು. ದೈವಾರಾಧಕರು ಬಹಿರಂಗವಾಗಿಯೇ ವಿರೋಧಿಸಿದರು. ಬೀಡಿಯ ಮೇಲೆ ಗಣಪತಿ ಇರಬಹುದಾದರೆ ಇದು ಯಾಕೆ ಬೇಡ ಎಂದು ಕೆಲವರು ಕೇಳುತ್ತಾರೆ. ಗಣಪತಿಯ ಪಟ ಎಲ್ಲರ ಮನೆಯಲ್ಲೂ ಇತ್ತು. ದೈವಕ್ಕೆ ಮಾತ್ರ ಅದರದ್ದೇ ಸ್ಥಾನ, ಕಟ್ಟುಕಟ್ಟಳೆ, ಬಣ್ಣ ಹಾಕುವ ಹಕ್ಕಿರುವ ಸಮುದಾಯ ಇದೆ. ಪಟ ತೂಗುಹಾಕಿದಷ್ಟು ಸಲೀಸಲ್ಲ ಅದು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಧಾರ್ಮಿಕ ಭಾವನೆಗೆ ನೋವಾಗುವಂಥ ಗುರುತನ್ನು ನೋಂದಾಯಿಸುವಂತಿಲ್ಲ. ಆದರೆ ಅಂಗಡಿಗೆ ಬೋರ್ಡು ಹಾಕಲು ನೋಂದಣಿಯೇ ಬೇಕಾಗಿಲ್ಲ. ಹಾಗಾಗಿ ಕಾನೂನು ನೋಡುವುದಕ್ಕೆ ಮೊದಲೇ ಊರಿನವರು ಅಂಗಡಿ ಮುಂದೆ ಬಂದು ನಿಲ್ಲುತ್ತಾರೆ.

ಹುಲಿವೇಷಕ್ಕೆ ಸದ್ಯ ಆ ತಕರಾರು ಇಲ್ಲ. ಅದೂ ಎಷ್ಟೋ ಜನರಿಗೆ ಹರಕೆಯೇ. ಆದರೂ ನವರಾತ್ರಿಗೆ, ಅಷ್ಟಮಿಗೆ ಅದು ಬೀದಿಗೆ ಬರುತ್ತದೆ, ಅಂಗಡಿಗಳ ಮುಂದೆಯೇ ಕುಣಿಯುತ್ತದೆ, ಅಂಗಡಿಯವರೇ ನೋಟು ಕೊಡುತ್ತಾರೆ. ವ್ಯಾಪಾರಕ್ಕೂ ಅದಕ್ಕೂ ಹಳೆಯ ಪರಿಚಯ. ಅದರ ಪಟ್ಟೆಯನ್ನು ಲೋಗೋ ಮಾಡುವವರು ಒಮ್ಮೆ ಬಣ್ಣ ಬಳಿಯುವ ಜಾಗಕ್ಕೂ ಹೋಗಿ ಬಂದರೆ ಒಳ್ಳೆಯದು. ಅಲ್ಲಿ ಒಂದೊಂದು ತಂಡದ ಹಳದಿಯೂ ಬೇರೆ ಬೇರೆ.