ಪದ ಪರಿಚಯ: ಇಂಟರ್‌ಸೆಕ್ಷನಾಲಿಟಿ

ವಿಶ್ವವಿದ್ಯಾಲಯಗಳಲ್ಲಿ ಜೆಂಡರ್ ಅಥವಾ ಎಲ್‌ಜಿಬಿಟಿಕ್ಯೂ (ಲಿಂಗ ಮತ್ತು ಲೈಂಗಿಕ ಅಲ್ಪಸಂಖ್ಯಾತರು) ವಿಷಯದ ಅತಿಥಿ ಉಪನ್ಯಾಸಕ್ಕೆ ಹೋದರೆ ಈ ಪದ ಕಿವಿಗೆ ಬೀಳುವುದು ಜಾಸ್ತಿ. ಎಲ್ಲರಿಗೂ ಗೊತ್ತಿರುವ ಮಾತು ಎನ್ನುವ ಹಾಗೆ ಅದನ್ನು ಹೇಳಿ ಮುಂದೆ ಹೋಗಿಬಿಡುತ್ತಾರೆ. ಆದರೆ ಅದು ಹುಟ್ಟಿದ ಕಥೆ ಗೊತ್ತಿಲ್ಲದೆ ಅದರ ತೂಕ ತಿಳಿಯುವುದಿಲ್ಲ.

ಒಬ್ಬರ ಮೇಲೆ ಎರಡು ಮೂರು ಬಗೆಯ ತಾರತಮ್ಯ ಒಟ್ಟಿಗೆ ಬಿದ್ದಾಗ, ಬಿಡಿಬಿಡಿಯಾಗಿ ನೋಡಿದರೆ ಕಾಣದ ಬೇರೆಯದೇ ಅನ್ಯಾಯ ಆಗುತ್ತದೆ. ಅದನ್ನು ಗುರುತಿಸುವ ನೋಟಕ್ಕೆ ಈ ಹೆಸರು. ಹೆಸರಿಟ್ಟವರು ಅಮೆರಿಕದ ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಶಾ, 1989ರ ಒಂದು ಲೇಖನದಲ್ಲಿ.

ಅವರು ಎತ್ತಿಕೊಂಡ ಒಂದು ಮೊಕದ್ದಮೆ ಹೀಗಿತ್ತು. ಐವರು ಕಪ್ಪು ಮಹಿಳೆಯರು ಜನರಲ್ ಮೋಟರ್ಸ್ ಕಂಪನಿಯ ಮೇಲೆ ಕೇಸು ಹಾಕಿದ್ದರು. 1964ಕ್ಕೆ ಮೊದಲು ಕಂಪನಿ ಕಪ್ಪು ಮಹಿಳೆಯರನ್ನು ಕೆಲಸಕ್ಕೆ ತೆಗೆದುಕೊಂಡೇ ಇರಲಿಲ್ಲ. ಮುಂದೆ ಕೆಲಸ ಕಡಿತ ಬಂದಾಗ ಕೊನೆಗೆ ಸೇರಿದವರನ್ನು ಮೊದಲು ತೆಗೆದರು. ಹೊಡೆತ ಬಿದ್ದದ್ದು ಇವರಿಗೇ. 1976ರಲ್ಲಿ ನ್ಯಾಯಾಲಯ ಇವರ ವಾದ ಒಪ್ಪಲಿಲ್ಲ. ಕಂಪನಿಯಲ್ಲಿ ಮೊದಲಿನಿಂದ ಮಹಿಳೆಯರಿದ್ದರು, ಹಾಗಾಗಿ ಲಿಂಗ ತಾರತಮ್ಯ ಇಲ್ಲ ಎಂದಿತು. ಆ ಮಹಿಳೆಯರೆಲ್ಲ ಬಿಳಿಯರು! ಜನಾಂಗದ ದೂರನ್ನು ಅದೇ ಕಂಪನಿಯ ಮೇಲಿದ್ದ ಜನಾಂಗ ತಾರತಮ್ಯದ ಇನ್ನೊಂದು ಕೇಸಿನ ಜೊತೆ ಸೇರಿಸಿ ಎಂದಿತು. ಎರಡನ್ನೂ ಕೂಡಿಸಿ ಕೇಳಲು ಅವಕಾಶ ಕೊಡಲಿಲ್ಲ. ನಾಲ್ಕು ದಾರಿ ಕೂಡುವಲ್ಲಿ (ಇಂಗ್ಲಿಷಿನಲ್ಲಿ ಇಂಟರ್‌ಸೆಕ್ಷನ್) ನಿಂತವರಿಗೆ ಯಾವ ಕಡೆಯಿಂದಲಾದರೂ ಗಾಡಿ ಬಂದು ಗುದ್ದಬಹುದು, ಒಮ್ಮೊಮ್ಮೆ ಎಲ್ಲ ಕಡೆಯಿಂದಲೂ ಎಂದು ಕ್ರೆನ್‌ಶಾ ವಿವರಿಸಿದ್ದು ಇದನ್ನೇ.

ಪದ ಬರುವ ಮೊದಲೇ ಈ ಅರಿವು ಇತ್ತು. ಬೋಸ್ಟನ್ನಿನಲ್ಲಿ ಕಾಂಬಾಹೀ ರಿವರ್ ಕಲೆಕ್ಟಿವ್ ಎಂಬ ಕಪ್ಪು ಸ್ತ್ರೀವಾದಿಗಳ ಗುಂಪಿತ್ತು. ಅದರಲ್ಲಿ ಹಲವರು ಲೆಸ್ಬಿಯನ್, ಅಂದರೆ ಮಹಿಳೆಯರನ್ನೇ ಪ್ರೀತಿಸುವ ಮಹಿಳೆಯರು, ಆಗಿದ್ದರು. ಜನಾಂಗ, ಲಿಂಗ, ವರ್ಗ, ಲೈಂಗಿಕತೆಯ ದಬ್ಬಾಳಿಕೆಗಳು ಒಂದರೊಳಗೊಂದು ಹೆಣೆದುಕೊಂಡಿವೆ ಎಂದು ಅವರು 1977ರಲ್ಲೇ ಬರೆದರು.

ಯಾರಿಗೆ ಎಷ್ಟು ಕಷ್ಟ ಎಂದು ಅಂಕ ಹಾಕುವ ಆಟ ಇದು ಎಂದು ಕೆಲವರು ಹೇಳುತ್ತಾರೆ. ಅದು ತಪ್ಪು. ಕೂಡಿಸಿ ಲೆಕ್ಕ ಹಾಕುವುದಲ್ಲ, ಕಾನೂನಿನ ಮತ್ತು ಚಳವಳಿಗಳ ಕಣ್ಣಿಗೆ ಯಾರು ಬೀಳುತ್ತಿಲ್ಲ ಎಂದು ಹುಡುಕುವುದು. ಅಂಗವಿಕಲತೆ ಇರುವ ಒಬ್ಬ ಟ್ರಾನ್ಸ್ ಮಹಿಳೆಯನ್ನು (ಹುಟ್ಟಿದಾಗ ಗಂಡು ಎಂದು ಗುರುತಿಸಲಾದ ಮಹಿಳೆ) ನೋಡಿ. ಟ್ರಾನ್ಸ್ ಜನರಿಗಾಗಿ ಇರುವ ಕ್ಲಿನಿಕ್ಕಿಗೆ ಗಾಲಿಕುರ್ಚಿ ಹೋಗದಿರಬಹುದು. ಗಾಲಿಕುರ್ಚಿ ಹೋಗುವ ಕ್ಲಿನಿಕ್ಕಿನಲ್ಲಿ ಅವರನ್ನು ಮಹಿಳೆ ಎಂದೇ ಒಪ್ಪದಿರಬಹುದು. ಎರಡು ಸೌಲಭ್ಯ ಇದ್ದೂ ಅವರಿಗೆ ಒಂದೂ ಇಲ್ಲ, ಅಲ್ವಾ?

ಯಾರು ಕಣ್ಣಿಗೆ ಬೀಳುತ್ತಿಲ್ಲ ಎಂಬ ಈ ಪ್ರಶ್ನೆ ಉಪನ್ಯಾಸಗಳನ್ನು ಏರ್ಪಡಿಸುವವರಿಗೂ ತಗಲುತ್ತದೆ. 1979ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಸ್ಥೆಯೊಂದು ನಡೆಸಿದ ಸ್ತ್ರೀವಾದಿ ಸಮ್ಮೇಳನಕ್ಕೆ ಕಪ್ಪು ಲೆಸ್ಬಿಯನ್ ಕವಿ ಆಡ್ರಿ ಲಾರ್ಡ್ ಅತಿಥಿಯಾಗಿ ಬಂದಿದ್ದರು. ಕಪ್ಪು ಸ್ತ್ರೀವಾದಿಗಳಿಗೂ ಲೆಸ್ಬಿಯನ್ನರಿಗೂ ಜಾಗ ಸಿಕ್ಕಿದ್ದು ಒಂದೇ ಗೋಷ್ಠಿಯಲ್ಲಿ. ಅಲ್ಲಿ ಮಾತನಾಡಿದ ಇಬ್ಬರು ಕಪ್ಪು ಮಹಿಳೆಯರನ್ನೂ ಕೊನೆ ಗಳಿಗೆಯಲ್ಲಿ ಹುಡುಕಿ ಕರೆದದ್ದು ಎಂದು ಲಾರ್ಡ್ ಅದೇ ವೇದಿಕೆಯಲ್ಲಿ ಹೇಳಿದರು.

ಇವತ್ತಿಗೂ ಎಷ್ಟೋ ಕಡೆ ಒಬ್ಬ ಗೇ ಪುರುಷನನ್ನು ಕರೆಸಿ ಇಡೀ ಸಮುದಾಯದ ಮಾತು ಆಯಿತು ಎಂದುಕೊಳ್ಳುತ್ತಾರೆ. ಟ್ರಾನ್ಸ್ ಅತಿಥಿ ಬಂದರೆ ಅವರ ದೇಹದ ಬಗ್ಗೆ ಮಾತ್ರ ಕೇಳುತ್ತಾರೆ. ಅವರ ಸಂಶೋಧನೆ, ಕೆಲಸ, ಬಾಡಿಗೆ ಮನೆ ಸಿಗದ ಪಾಡು ಚರ್ಚೆಗೇ ಬರುವುದಿಲ್ಲ. ನನಗೆ ಇದು ತುಂಬಾ ನೋವಿನ ಸಂಗತಿ. ಪಟ್ಟಿ ಮಾಡುವಾಗಲೇ ಬೇರೆ ಬೇರೆ ಹಿನ್ನೆಲೆಯ ಮೂರು ನಾಲ್ಕು ಜನರನ್ನು ಕರೆಯಬೇಕು, ಮತ್ತು ಅವರಿಗೆ ಯಾವ ವಿಷಯ ಬೇಕೋ ಅದರ ಬಗ್ಗೆ ಮಾತಾಡಲು ಬಿಡಬೇಕು.